ಮುಖ ಮುಳುಗಿಸಿ ಈಜಿದ ಮಾಸ್ತರರು

ಕೋಡಿಂಬಾಳದಲ್ಲಿ ದೋಣಿಯಲ್ಲಿ ಹೊಳೆ ದಾಟುವ ಕಡವಿನ ಸುತ್ತಮುತ್ತ ಈಜಲು ಬಾರದವರೇ ಇರಲಿಲ್ಲ. ಆದರೆ ಅಲ್ಲಿನವರು ಈಜುವಾಗ ತಲೆಯನ್ನು ದೇವರ ಮುಂದೆ ಒಯ್ಯುವ ಹರಿವಾಣದಂತೆ ನೀರಿನ ಮೇಲೆಯೇ ಎತ್ತಿ ಹಿಡಿಯುತ್ತಿದ್ದರು. ಮುಖ ನೀರೊಳಗೆ ಹೋಗಿ ಕೈ ಮೇಲೆ ಬಂತೆಂದರೆ ಮನುಷ್ಯ ಮುಳುಗುತ್ತಿದ್ದಾನೆ ಎಂದೇ ಅರ್ಥ. ಕಂಡವರು ಮಾಡುತ್ತಿದ್ದ ಕೆಲಸ ಬಿಟ್ಟು ಹಾರಬೇಕು. ಯಾರು, ಯಾವ ಮತದವರು ಎಂದು ಕೇಳುವಂತಿಲ್ಲ. ಕುಮಾರಧಾರೆಯ ದಡದಲ್ಲಿ ಹುಟ್ಟಿದವರ ಧರ್ಮ ಅದು.

ದೇರಣ್ಣ ಮಾಸ್ತರರ ಕಷ್ಟಕ್ಕೆಲ್ಲ ಈ ಧರ್ಮವೇ ಕಾರಣವಾಯಿತು.

ಅವರು ನರಿಮೊಗರಿನ ಕಡೆ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕಾಲೇಜಿನಲ್ಲಿದ್ದಾಗ ಮಂಗಳೂರಿನಲ್ಲಿ ಫ್ರೀಸ್ಟೈಲ್ ಕಲಿತಿದ್ದರು. ಮುಖವನ್ನು ನೀರಿಗೆ ಅದ್ದಿ, ಕೈಗಳನ್ನು ಏತದ ಮರದಂತೆ ಒಂದಾದ ಮೇಲೊಂದು ಎತ್ತಿ ಹಾಕುವ ಈಜು. ನಾಲ್ಕು ಬಹುಮಾನಗಳೂ ಬಂದಿದ್ದವು. ಆದರೆ ಮೈಸೂರು ರಾಜ್ಯದ ತಂಡಕ್ಕೆ ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಬರಿಗೈಯಲ್ಲಿ ಬಂದಿದ್ದರು. ಈಗ ವಯಸ್ಸು ಇಪ್ಪತ್ತೇಳು. ಇನ್ನು ಮೂರ್ನಾಲ್ಕು ವರ್ಷ ಕಳೆದರೆ ಕರೆಯುವವರಿಲ್ಲ.

ಅರವತ್ತೆರಡರ ಜನವರಿಯ ಒಂದು ಶುಕ್ರವಾರ, ಸಮುದ್ರದ ಈಜು ಪಂದ್ಯಕ್ಕೆ ರಾಜ್ಯದ ತಂಡ ಆರಿಸುವ ಕೃಷ್ಣಮೋಹನ ರಾಯರು ತಾವೇ ಕೋಡಿಂಬಾಳಕ್ಕೆ ಬಂದರು. ದೇರಣ್ಣನ ಅಕ್ಕನ ಮನೆ ಅಲ್ಲಿಯೇ. ರಾಯರು ಕಡವಿನ ದಿಣ್ಣೆಯ ಮೇಲೆ ಕುರ್ಚಿ ಹಾಕಿಸಿ, ದುರ್ಬೀನು, ಗಡಿಯಾರ ಹಿಡಿದು ಕುಳಿತರು.

"ಕೆಳಗಿನ ಬಂಡೆ ಮುಟ್ಟಿ ವಾಪಸ್ಸು ಬನ್ನಿ. ದಾರಿಯಲ್ಲಿ ಯಾರಾದರೂ ನಿಮ್ಮನ್ನು ಮುಟ್ಟಿದರೆ ಲೆಕ್ಕಕ್ಕಿಲ್ಲ, ಮೊದಲಿಂದ ಈಜಬೇಕು."

"ಯಾರು ಸಾರ್ ಮುಟ್ಟುದು?" ಎಂದು ದೇರಣ್ಣ ನಕ್ಕು ನೀರಿಗಿಳಿದರು.

ನೂರು ಮಾರು ಹೋಗಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಸಫಿಯಮ್ಮ ಬೊಬ್ಬೆ ಹಾಕಿದಳು. ಎಮ್ಮೆ ತೊಳೆಯುತ್ತಿದ್ದ ಬೆಳ್ಯಪ್ಪ ಎಮ್ಮೆಯನ್ನು ಬಿಟ್ಟು ಹಾರಿ, ಮಾಸ್ತರರ ಜುಟ್ಟು ಹಿಡಿದು ದಡಕ್ಕೆಳೆದ.

"ಬಿಡು ಮಾರಾಯ, ನಾನು ಈಜುದು."

"ಈಜುವವನ ಮುಖ ನೀರಲ್ಲಿ ಎಂತಕ್ಕೆ?"

"ಬೇಗ ಹೋಗ್ಲಿಕ್ಕೆ."

"ಎಲ್ಲಿಗೆ?"

"ಆ ಬಂಡೆಗೆ. ಮತ್ತೆ ವಾಪಸ್ಸು ಇಲ್ಲಿಗೇ."

ಬೆಳ್ಯಪ್ಪ ಸ್ವಲ್ಪ ಯೋಚಿಸಿದ. "ಇಲ್ಲಿಗೇ ಬರುದಾದ್ರೆ ಇಲ್ಲೇ ಕೂತ್ಕೊಳ್ಬಹುದಿತ್ತಲ್ಲ ಮಾಷ್ಟ್ರೇ."

ದೇರಣ್ಣ ಮತ್ತೆ ನೀರಿಗಿಳಿದು ಹೊರಟರು. ಈ ಸಲ ಅಕ್ಕನ ಗಂಡ ದುಗ್ಗಪ್ಪ ಸಹಾಯಕ್ಕೆ ನಿಂತ. "ನೀವು ಈಜಿ ಭಾವ, ಜನರನ್ನು ನಾನು ನೋಡಿಕೊಳ್ತೇನೆ" ಎಂದು ದಡದುದ್ದಕ್ಕೂ ಓಡುತ್ತ, "ಯಾರೂ ಕಾಪಾಡ್ಬೇಡಿ, ಅವರಷ್ಟಕ್ಕೆ ಬಿಡಿ" ಎಂದು ಕೂಗತೊಡಗಿದ.

ಕೆಳಗಿನ ಗುಂಡಿಯಲ್ಲಿ ಮೀನು ಹಿಡಿಯುತ್ತಿದ್ದವರು ನೋಡಿದರು. ನೀರಿನಲ್ಲಿ ಒಬ್ಬ ಕೈ ಬಡಿಯುತ್ತಿದ್ದಾನೆ. ದಡದಲ್ಲಿ ಅವನ ಭಾವ, ಕಾಪಾಡಬೇಡಿ ಎನ್ನುತ್ತಿದ್ದಾನೆ.

"ಅಯ್ಯೋ ಪಾಪ, ಮನೆಯಲ್ಲಿ ಎಂತದೋ ಜಗಳ ಉಂಟು" ಎಂದರು. ಇಬ್ಬರು ದುಗ್ಗಪ್ಪನನ್ನು ಹಿಡಿದು ತೆಂಗಿನ ಮರಕ್ಕೆ ಒತ್ತಿ ನಿಲ್ಲಿಸಿದರು. ಉಳಿದವರು ಬಲೆ ಬೀಸಿದರು. ಮಾಸ್ತರರು ದೊಡ್ಡ ಬಾಳೆಮೀನಿನಂತೆ ಒದ್ದಾಡುತ್ತ ಮರಳಿಗೆ ಬಂದರು.

ರಾಯರು ಗಡಿಯಾರ ನೋಡಿದರು. "ನಾಲ್ಕು ಗಂಟೆಗೆ ನನಗೆ ಪುತ್ತೂರಿನ ಬಸ್ಸು. ಇನ್ನೊಂದೇ ಸಲ."

ಮೈಯೆಲ್ಲ ಬಲೆಯ ಗೆರೆ ಮೂಡಿತ್ತು. ಆದರೂ ದೇರಣ್ಣ ಹಲ್ಲು ಕಚ್ಚಿ ಎದ್ದರು. ಎರಡೂ ದಡದ ಜನರನ್ನು ಕರೆಸಿ ಸಾಲಾಗಿ ಕೂರಿಸಿ, ಎದ್ದವರ ಕಾಲು ಹಿಡಿಯಲು ಬೆಳ್ಯಪ್ಪನನ್ನೇ ಕಾವಲಿಟ್ಟರು. ಮನಸ್ಸಿನಲ್ಲೇ ಸುಬ್ರಹ್ಮಣ್ಯನಿಗೆ ಕೈಮುಗಿದು ನೀರಿಗೆ ಬಿದ್ದರು.

ಆಹಾ, ಅದು ಈಜು. ಬಂಡೆ ಮುಟ್ಟಿ ತಿರುಗಿದಾಗ ರಾಯರು ಕುರ್ಚಿಯಿಂದ ಎದ್ದು ನಿಂತರು.

ಸಾಲಿನಲ್ಲಿ ಇಲ್ಲದವನು ಒಬ್ಬನೇ: ಕಡವಿನ ದೋಣಿಯ ಮೂಸಕುಂಞಿ. ಬಂಡೆಯ ಹತ್ತಿರದ ಪಳ್ಳಿಯಲ್ಲಿ ಜುಮಾ ನಮಾಜು ಮುಗಿಸಿ ಅವನು ಆಗಷ್ಟೇ ಹೊರಗೆ ಬಂದಿದ್ದ. ಅವನ ತಮ್ಮ ಇದೇ ನೀರಿನಲ್ಲಿ ಹೋದವನು. ಅಂದು ಮೂಸಕುಂಞಿ ದಡ ತಲಪುವಾಗ ಹೊತ್ತು ಮೀರಿತ್ತು. ಆಮೇಲಿನ ಹತ್ತು ವರ್ಷಗಳಲ್ಲಿ ಆ ಕಡವಿನಲ್ಲಿ ಒಂದು ಜೀವವೂ ಹೋಗದಂತೆ ಅವನು ನೋಡಿಕೊಂಡಿದ್ದ.

ಈಗ ಅವನಿಗೆ ಕಂಡದ್ದು ಇನ್ನೂರು ಮಾರು ದೂರದಲ್ಲಿ ಮೇಲೆ ಬಂದು ಮುಳುಗುವ ಎರಡು ಕೈ. ಅಂಗಿ, ಮುಂಡು, ಮುಂಡಾಸು ಸಮೇತ ಹಾರಿದ.

ದಡದವರೆಲ್ಲ "ಬೇಡ, ಬೇಡ" ಎಂದು ಕೂಗಿದರು. ಆ ಕೂಗು ಕೇಳಿ ಅವನು ಇನ್ನಷ್ಟು ಬೇಗ ಬಂದ.

"ಹೆದರ್ಬೇಡಿ, ನಾನು ಬಂದೆ" ಎಂಬ ದನಿ ಬೆನ್ನ ಹಿಂದೆ ಕೇಳಿದಾಗ ದೇರಣ್ಣ ಕೈಕಾಲಿನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಈಜಿದರು. ಆ ದನಿ ಹತ್ತಿರವೇ ಬಂತು. ಕಡವಿಗೆ ಇನ್ನು ಹತ್ತು ಮಾರು ಇರುವಾಗ ತೋಳಿಗೆ ಉಕ್ಕಿನಂಥ ಕೈ ಬಿತ್ತು. "ಬಿಡು" ಎನ್ನಲು ಬಾಯಿ ತೆರೆದರು. ಬಾಯಿಗೆ ಹೊಳೆಯೇ ನುಗ್ಗಿತು. ಆ ದಿನ ಮೊದಲ ಬಾರಿಗೆ ಮಾಸ್ತರರು ನಿಜವಾಗಿ ಮುಳುಗಿದರು, ನಿಜವಾಗಿ ಬದುಕಿಸಲ್ಪಟ್ಟರು.

ಮರಳಿನಲ್ಲಿ ಕವುಚಿ ಮಲಗಿ ನೀರು ಕಾರುತ್ತಿದ್ದಾಗ ರಾಯರು ದಿಣ್ಣೆ ಇಳಿದು ಓಡಿ ಬರುವುದು ಕಂಡಿತು. ಪಾಪ, ಕನಿಕರದ ಮನುಷ್ಯ ಎಂದುಕೊಂಡರು ದೇರಣ್ಣ. ರಾಯರು ಅವರನ್ನು ದಾಟಿ ಹೋಗಿ ಮೂಸಕುಂಞಿಯ ಭುಜ ಮುಟ್ಟಿ ನೋಡಿದರು. ಅವನ ಮುಂಡಾಸು ಇನ್ನೂ ಒಣಗಿಯೇ ಇತ್ತು.

"ರಾಜ್ಯದಲ್ಲೇ ಒಳ್ಳೆಯ ಈಜುಗಾರರಲ್ಲಿ ಇವರೊಬ್ಬರು. ಇನ್ನೂರು ಮಾರು ಹಿಂದಿನಿಂದ ಬಂದು, ಬಟ್ಟೆ ಹಾಕಿಕೊಂಡೇ, ನೀನು ಇವರನ್ನು ಹಿಡಿದೆಯಲ್ಲಪ್ಪ. ವಯಸ್ಸೆಷ್ಟು?"

"ಇಪ್ಪತ್ತೆಂಟೋ ಮೂವತ್ತೋ ಸಾರ್."

"ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಒಂದು ತಿಂಗಳು ತರಬೇತಿ. ತಂಡದಲ್ಲಿ ನೀನಿರಬೇಕು."

"ಕಡವು ಬಿಟ್ಟು ಎಲ್ಲಿಗೆ ಬರುದು ಸಾರ್? ಇಲ್ಲಿ ಜನ ದಾಟಿಸುದು ಯಾರು?"

ಮರದಿಂದ ಬಿಡುಗಡೆಯಾಗಿ ಬಂದಿದ್ದ ದುಗ್ಗಪ್ಪ ತೊಗಟೆ ಕೊಡವಿಕೊಳ್ಳುತ್ತ ಹೇಳಿದ: "ಅದಕ್ಕೆಂತ ಚಿಂತೆ? ನಮ್ಮ ಭಾವನಿಗೆ ಏಪ್ರಿಲ್‌ನಲ್ಲಿ ಶಾಲೆ ರಜೆ ಅಲ್ವಾ."

ಏಪ್ರಿಲ್ ಬಂತು. ಮೂಸಕುಂಞಿ ಬೆಂಗಳೂರಿನ ಬಸ್ಸು ಹತ್ತಿದ. ದೇರಣ್ಣ ಸೋತು ಕೂರುವ ಜಾತಿಯಲ್ಲ. ತಿಂಗಳಿಡೀ ಬಿದಿರಿನ ಜಲ್ಲೆ ಊರಿ ದೋಣಿ ನಡೆಸಿದರೆ ಭುಜಕ್ಕೆ ಬಲ ಬರುತ್ತದೆ, ಮುಂದಿನ ವರ್ಷ ನೋಡೋಣ ಎಂದು ಬೆಳಗ್ಗೆಯೇ ಮುಂಡು ಎತ್ತಿಕಟ್ಟಿ ನಿಂತರು.

ಮೊದಲು ಬಂದವಳು ಸಫಿಯಮ್ಮ. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು, ಮಾಸ್ತರರನ್ನೂ ಹೊಳೆಯನ್ನೂ ಎರಡೆರಡು ಸಲ ನೋಡಿದಳು.

"ಬೇಜಾರ ಮಾಡ್ಬೇಡಿ ಮಾಷ್ಟ್ರೇ, ಕೇಳ್ತೇನೆ" ಎಂದಳು. "ನಿಮಗೆ ಈಜ್ಲಿಕ್ಕೆ ಬರ್ತದಲ್ಲ?"