ಎತ್ತರದ ಗಾಡಿಗೊಂದು ಪಾವಟಿಗೆ

"ನಮ್ಮವ್ವಗ ಅಂಬಾರಿ ಹತ್ತಿಸಿದಂಗ ಹತ್ತಸ್ತೇನಿ, ನೋಡ್ಕೋತ ಇರು" ಎಂದು ಸತೀಶಕುಮಾರ ಶಪಥ ಮಾಡಿದಾಗ ಅವನ ಹೆಂಡತಿ ಶಿವಕಾಂತಾ ಮಿಕ್ಸರಿನಲ್ಲಿ ಹೂರಣ ರುಬ್ಬುತ್ತಿದ್ದಳು. ಅರ್ಧ ಶಪಥ ಆ ಸದ್ದಿನಲ್ಲೇ ಹೋಯಿತು. ಕೇಳಿಸಿದ ಅರ್ಧಕ್ಕೆ ಅವಳು ಉತ್ತರ ಕೊಟ್ಟಳು.

"ಅಂಬಾರಿ ಹತ್ತಸ್ಲಿಕ್ಕ ಆಳು ಬ್ಯಾರೆ ಇರ್ತಾರ್ರಿ. ನಮ್ಮ ಮನ್ಯಾಗ ಅದೂ ನಾನೇ ಏನು?"

ಬೀದರಿನ ಚಿದ್ರಿಯಲ್ಲಿ ಸತೀಶಕುಮಾರನ ಮನೆ. ಖಾಸಗಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ನಲವತ್ತೆರಡನೇ ವಯಸ್ಸಿನಲ್ಲಿ ಹಳೆಯ ಜೀಪೊಂದು ಅವನ ಕೈಗೆ ಬಂದಿತ್ತು. ಬಂದಹಾಗೆ ಇಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಅದರ ಸ್ಪ್ರಿಂಗು ಬದಲಿಸಿ, ಟ್ರ್ಯಾಕ್ಟರಿಗೆ ನಾಚಿಕೆಯಾಗುವಂಥ ಟೈರು ಹಾಕಿಸಿ, ಗಾಡಿಯನ್ನು ಒಂದು ಗೇಣು ಮೇಲಕ್ಕೆತ್ತಿಸಿದ. ಇನ್ನು ಬಂಡೆ, ಹಳ್ಳ, ಕೆಸರು ಯಾವುದಕ್ಕೂ ಅಂಜಬೇಕಾಗಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ತಾಸುಗಟ್ಟಲೆ ವಿವರಿಸಿದ. ಅಲ್ಲಿಯವರೆಗೆ ಗಾಡಿ ದಾಟಿದ್ದ ಏಕೈಕ ದುರ್ಗಮ ಪ್ರದೇಶವೆಂದರೆ ಚಿದ್ರಿಯ ಓಣಿಯಲ್ಲಿ ನೀರಿನ ಪೈಪಿಗೆಂದು ತೋಡಿದ್ದ ಗುಂಡಿ.

ಆ ಭಾನುವಾರ ಹೊರಟಿದ್ದು ಔರಾದಕ್ಕೆ. ಅಲ್ಲಿ ಅವನ ತಾಯಿ ರುಕ್ಮಿಣಿಬಾಯಿಯ ಅಕ್ಕ ಕಸ್ತೂರಿಬಾಯಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು ಮನೆಗೆ ಕಳಿಸಿ, "ಬೇಡಿದ್ದು ತಿನ್ನಿಸ್ರಿ, ಬೇಕಾದವರಿಗೆ ಕರೆಸ್ರಿ" ಎಂದಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಮಕ್ಕಳಿಲ್ಲದ ಆಕೆ ಬೇಡಿದ್ದು ಎರಡೇ: ತಂಗಿ ಬರಬೇಕು, ಬರುವಾಗ ತಂಗಿಯ ಕೈಯ ಹೋಳಿಗೆ ತರಬೇಕು. ತಂಗಿಯ ಕೈಯ ಹೋಳಿಗೆಯೆಂದು ಬಳಗದಲ್ಲೆಲ್ಲ ಹೆಸರಾದ ಆ ಹೋಳಿಗೆಯನ್ನು ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದವಳು ಶಿವಕಾಂತಾ. ಸತೀಶಕುಮಾರ ಹೈಸ್ಕೂಲಿನ ಮೂರು ವರ್ಷ ಓದಿದ್ದೇ ಈ ದೊಡ್ಡವ್ವನ ಮನೆಯಲ್ಲಿ. ಅವನಿಗೂ ಎದೆಯಲ್ಲಿ ಕಳವಳವಿತ್ತು. ಆದರೆ ಗಾಡಿಯ ಕೀಲಿ ಕೈಯಲ್ಲಿ ಹಿಡಿದಾಗ ಕಳವಳ ಸ್ವಲ್ಪ ಕಮ್ಮಿಯಾಗುತ್ತಿತ್ತು.

ಗಾಡಿ ಬಾಗಿಲಿಗೆ ಬಂತು. ರುಕ್ಮಿಣಿಬಾಯಿ ಕಚ್ಚೆ ಬಿಗಿದು, ಕೈಚೀಲ ಹಿಡಿದು ಬಂದು ನಿಂತಳು. ಗಾಡಿಯ ತಳ ಆಕೆಯ ತೊಡೆಯವರೆಗೆ ಬರುತ್ತಿತ್ತು. ಮೊಳಕಾಲೋ, ಪೂಜೆಗೆ ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಡುವಂಥವು.

"ಇದಕ್ಕ ನಿಚ್ಚಣಕಿ ಎಲ್ಲದನೋ ಸತೀಶ?"

ಶಿವಕಾಂತಾ ಬಚ್ಚಲಿನಿಂದ ಪ್ಲಾಸ್ಟಿಕ್ ಸ್ಟೂಲು ತಂದಳು. ಎದುರು ಮನೆಯ ಖತೀಜಾ ಬೇಗಂ ಓಡಿಬಂದು ಆ ಕಡೆಯ ಬಾಗಿಲಿನಿಂದ ಹತ್ತಿ, "ಬರ್ರಿ ಆಪಾ, ಬಿಸ್ಮಿಲ್ಲಾ ಅನ್ರಿ" ಎಂದು ಕೈ ಎಳೆದರು. ಶಿವಕಾಂತಾ ಹಿಂದಿನಿಂದ ಹೆಗಲು ಕೊಟ್ಟಳು. ಸತೀಶಕುಮಾರ ಸ್ಟಿಯರಿಂಗ್ ಹಿಡಿದು ಕೂತು ಸನ್ನೆಗೋಲಿನ ತತ್ವವನ್ನು ವಿವರಿಸಿದ. ಸ್ಟೂಲಿಗೆ ಭೌತಶಾಸ್ತ್ರ ತಿಳಿಯಲಿಲ್ಲ. ಅದು ಲಟಕ್ಕೆಂದು ಮುರಿಯಿತು. ಅತ್ತೆ ಸೊಸೆಯ ಮೇಲೆ, ಸೊಸೆ ಅಂಗಳದ ಮೇಲೆ ಕೂತರು. ಕೈಚೀಲ ಮಾತ್ರ ಗಾಡಿಯೊಳಗೆ ಸುಖವಾಗಿ ಕೂತಿತ್ತು.

ಮೊಳಕಾಲು ಊದಿತು, ಪ್ರಯಾಣ ನಿಂತಿತು. ಮಧ್ಯಾಹ್ನ ಔರಾದದಿಂದ ಫೋನು ಬಂತು. ದೊಡ್ಡವ್ವನ ದನಿ ಸಣ್ಣಗಾಗಿದ್ದರೂ ನಾಲಿಗೆ ಸಣ್ಣಗಾಗಿರಲಿಲ್ಲ.

"ಎಲ್ಲೀತನ ಬಂದ್ರಿ?"

"ಇನ್ನ ಹೊಂಟೇ ಇಲ್ಲಕ್ಕ. ಗಾಡಿ ಭಾಳ ಎತ್ತರ ಆಗ್ಯಾದ. ಸತೀಶ ಅದಕ್ಕೊಂದು ಪಾವಟಿಗಿ ಹಚ್ಚಿಸ್ತಾನಂತ."

"ನಿನ್ನ ಮಗ ಗಾಡಿ ತೊಗೊಂಡಾನೋ, ಮಾಳಿಗಿ ಕಟ್ಟಸ್ಯಾನೋ?"

ಹೋಳಿಗೆಗಳನ್ನು ಸತೀಶಕುಮಾರ ತಾನೇ ತಿಂದು ನೋವು ನುಂಗಿಕೊಂಡ.

ಪಾವಟಿಗೆಯ ಆಯ್ಕೆ ಆ ರಾತ್ರಿಯಿಂದಲೇ ಆರಂಭವಾಯಿತು. ಗಾಡಿಯ ಪಕ್ಕಕ್ಕೆ ಹಚ್ಚುವ, ಕಾಲಿಟ್ಟು ಹತ್ತುವ ಪಾವಟಿಗೆಗಳಲ್ಲಿ ಇಷ್ಟು ಜಾತಿ, ಉಪಜಾತಿ ಇರುತ್ತವೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುಂಡು ಪೈಪಿನದು, ಅಗಲ ಹಲಗೆಯದು, ಕೆಳಗೆ ಜೋತಾಡುವ ಬಳೆಯಂಥದು, ಬಾಗಿಲು ತೆರೆದರೆ ತಾನೇ ಇಳಿಯುವ ಕರೆಂಟಿನದು. ಅವನು ವಿಡಿಯೋ ನೋಡಿದ, ಪಟ್ಟಿ ಮಾಡಿದ, ಗೆಳೆಯರ ಅಭಿಪ್ರಾಯ ಕೇಳಿದ. ಹಲಗೆಯದು ಹಚ್ಚಿದರೆ ಗಾಡಿ "ಸಂಸಾರಸ್ಥರ ಗಾಡಿ" ಆಗುತ್ತದೆಂದು ಗೆಳೆಯ ಗೋರಖನಾಥ ಹೇಳಿದ. ಇಬ್ಬರೂ ಸಂಸಾರಸ್ಥರೇ. ಆದರೂ ಅದು ಬೇಡವೆಂದಾಯಿತು.

ಗುಂಡು ಪೈಪು ಬಂತು, ಕಪ್ಪು ಬಣ್ಣದ್ದು. ಮರು ಭಾನುವಾರ ಮತ್ತೆ ಹೂರಣ, ಮತ್ತೆ ಕಚ್ಚೆ, ಮತ್ತೆ ಕೈಚೀಲ. ಬಂಡೆಗೆ ತಗಲಬಾರದೆಂದು ಪೈಪನ್ನು ಗಾಡಿಯ ಹೊಟ್ಟೆಗೆ ಅಂಟಿಸಿ ಮೇಲೆ ಹಚ್ಚಿಸಿದ್ದ. ಸತೀಶಕುಮಾರ ಅದರ ಮೇಲೆ ಕಾಲಿಟ್ಟು ಸರ್ರನೆ ಹತ್ತಿ ತೋರಿಸಿದ. ಅವನು ಮೊದಲೂ ಹಾಗೆಯೇ ಹತ್ತುತ್ತಿದ್ದ. ರುಕ್ಮಿಣಿಬಾಯಿ ಕಾಲೆತ್ತಿ ನೋಡಿದಳು. ಪಾದ ಪೈಪಿಗಿಂತ ಒಂದು ಮೊಳ ಕೆಳಗೇ ನಿಂತಿತು.

"ಇದು ಹತ್ತೋದಲ್ಲಪ್ಪ. ಎಮ್ಮಿ ಕಟ್ಟೋದು."

ಆ ಸಲದ ಹೋಳಿಗೆ ಸ್ಟಾಫ್ ರೂಮಿಗೆ ಹೋಯಿತು. ಪೈಪಿನ ಮೇಲೆ ಶಿವಕಾಂತಾ ನೆಲ ಒರೆಸುವ ಅರಿವೆ ಒಣಗಿಸತೊಡಗಿದಳು.

"ನೋಡ್ರಿ, ನಾ ದಿನಾ ಮನ್ನಳ್ಳಿ ಸಾಲಿಗಿ ಕಲಿಸ್ಲಿಕ್ಕ ಬಸ್ಸಿನ್ಯಾಗೇ ಹೋಗ್ತೇನಿ" ಎಂದಳು ಒಂದು ಸಂಜೆ. "ನಾಳಿ ರಜಾ ಹಾಕ್ತೇನಿ. ಅತ್ತಿನ್ನ ಔರಾದ ಬಸ್ಸಿಗಿ ಕರ್ಕೊಂಡು ಹೋಗ್ತೇನಿ. ನೀವು ಹಿಂದ ಗಾಡಿ ತೊಗೊಂಡು ಬರ್ರಿ."

"ಅಂಗಳದಾಗ ಇಂಥಾ ಗಾಡಿ ನಿಂದ್ರಿಸಿ ಅವ್ವಗ ಬಸ್ಸಿಗಿ ಕಳಸಿದ್ರ ಔರಾದದಾಗ ಮಂದಿ ಏನಂದಾರು?"

"ರುಕ್ಮಿಣಿಬಾಯಿ ಬಂದಾಳ ಅಂತಾರ. ಇನ್ನೇನಂತಾರ?"

ಖತೀಜಾ ಬೇಗಂ ತಮ್ಮ ಮಗನ ಸಣ್ಣ ಕಾರು ಕಳಿಸುತ್ತೇನೆಂದರು. ಅದೂ ಬೇಡವೆಂದ. ಇನ್ನೊಂದೇ ವಾರ, ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಎಂದ. ತಾಯಿ ಮಗನ ಮುಖ ನೋಡಿ, ಕೈಚೀಲವನ್ನು ಮತ್ತೆ ಗೂಟಕ್ಕೆ ತೂಗುಹಾಕಿದಳು. ಮಗನ ಹುರುಪಿಗೆ ನೀರು ಹಾಕಬಾರದೆಂಬುದು ಆ ಮನೆಯಲ್ಲಿ ಹೆಂಗಸರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ವ್ರತ.

ಭಾಲ್ಕಿಯಲ್ಲಿ ಅರ್ಫಾತ ಎಂಬ ಮಿಸ್ತ್ರಿ ಒಳ್ಳೆಯ ಕೈಯವನೆಂದು ಕೇಳಿ ಸತೀಶಕುಮಾರ ಅಲ್ಲಿಗೆ ಹೋದ. ಅರ್ಫಾತ ಗಾಡಿಗೆ ಒಂದು ಸುತ್ತು ಹಾಕಿ ನೋಡಿ ಕೇಳಿದ.

"ಯಾರು ಹತ್ತೋರ್ರಿ ಸರ್?"

"ನಮ್ಮ ತಾಯಿ."

"ಹಂಗಾದ್ರ ಅವರಿಗೇ ಕರ್ಕೊಂಡು ಬರ್ರಿ. ಅಂಗಿ ಹೊಲೀಲಿಕ್ಕ ತೊಡೋರ ಮೈ ಬೇಕಲ್ರಿ."

"ಅವರಿಗಿ ಹತ್ತಲಿಕ್ಕ ಬರೋದಿಲ್ಲಂತೇ ನಿನ್ನ ಹಂತ್ಯಾಕ ಬಂದೇನಿ. ಹತ್ತಿದ್ರ ಔರಾದಕ್ಕೇ ಹೋಗ್ತಿದ್ದೆವಲ್ಲ ಮಾರಾಯ."

ಅರ್ಫಾತ ನಕ್ಕ. "ಫೋನ್ ಮಾಡ್ರಿ. ಗೋಡಿಗಿ ಕೈ ಹಿಡಿದು ಎಷ್ಟು ಕಾಲ ಎತ್ತತಾರ ಅಂತ ಅಳತಿ ಕೇಳ್ರಿ."

ಶಿವಕಾಂತಾ ಗೋಡೆಯ ಮೇಲೆ ಸಾಲೆಯ ಸೀಮೆಸುಣ್ಣದಿಂದ ಗೆರೆ ಎಳೆದು, ಅತ್ತೆಯ ಕಾಲು ಎತ್ತಿಸಿ, ಟೇಪು ಹಿಡಿದು ಹೇಳಿದಳು. ಒಂಬತ್ತು ಇಂಚು.

"ಮತ್ತ ಮನಿಯವರು? ಅವರು ಹ್ಯಾಂಗ ಹತ್ತತಾರ್ರಿ?" ಎಂದು ಅರ್ಫಾತ ಕೇಳಿದ.

ಸತೀಶಕುಮಾರನಿಗೆ ಗೊತ್ತಿರಲಿಲ್ಲ. ಚೀಲ, ನೀರಿನ ಬಾಟಲಿ ಎಲ್ಲವನ್ನೂ ಒಳಗಿಟ್ಟು ಶಿವಕಾಂತಾ ಕೊನೆಗೆ ಹತ್ತುತ್ತಿದ್ದಳು. ಆಗ ಅವನು ಮುಂದಿನ ದಾರಿ ನೋಡುತ್ತಿರುತ್ತಿದ್ದ. ಬಾಗಿಲು ಮುಚ್ಚಿದ ಸದ್ದಾದರೆ ಹೊರಡುತ್ತಿದ್ದ. "ಹತ್ತತಾಳ" ಎಂದಷ್ಟೇ ಹೇಳಿದ.

"ಒಂದ ಕೆಲಸ ಮಾಡ್ತೇನಿ ಸರ್. ಕಬ್ಬಿಣದ ಪಟ್ಟಿ ಇಳಿಬಿಟ್ಟು ಒಂಬತ್ತು ಇಂಚಿಗೊಂದರಂಗ ಎರಡು ಹಲಗಿ ಬೆಸೀತೇನಿ. ಕೂಡ್ರಿ, ಚಾ ಕುಡೀರಿ, ಸಂಜಿಗಿ ತೊಗೊಂಡು ಹೋಗ್ರಿ. ನಾಳಿ ಅಮ್ಮಾನ ಕೂಡಿಸ್ಕೊಂಡು ಔರಾದಕ್ಕ ಹೋಗ್ರಿ."

"ಅಷ್ಟು ಕೆಳಗ ಜೋತಾಡಿದ್ರ ಬಂಡಿಗಲ್ಲಿಗಿ ಬಡೀತದಲ್ಲ?"

"ಯಾವ ಬಂಡಿಗಲ್ರಿ?"

ಸತೀಶಕುಮಾರನಿಗೆ ತಕ್ಷಣಕ್ಕೆ ಯಾವ ಬಂಡೆಯ ಹೆಸರೂ ನೆನಪಾಗಲಿಲ್ಲ. ಆದರೂ ಎಂದಾದರೊಂದು ದಿನ ಎದುರಾಗಬಹುದಾದ ಆ ಬಂಡೆಯ ಮಾನ ಕಾಯಲು ಅವನು ಪುಣೆಯಿಂದ ಕರೆಂಟಿನ ಪಾವಟಿಗೆ ತರಿಸಲು ನಿಶ್ಚಯಿಸಿದ. ಬಾಗಿಲು ತೆರೆದರೆ ಒಂಬತ್ತು ಇಂಚಿಗೊಂದರಂತೆ ಎರಡು ಮೆಟ್ಟಿಲಾಗಿ ಇಳಿಯುತ್ತದೆ, ಮುಚ್ಚಿದರೆ ಗಾಡಿಯ ಹೊಟ್ಟೆಯೊಳಗೆ ಅಡಗುತ್ತದೆ. ಕೆಳಗೆ ನೀಲಿ ದೀಪ ಬೇರೆ. ಅವ್ವನೂ ಹತ್ತಬೇಕು, ಬಂಡೆಗೂ ತಗಲಬಾರದು. ಇದಕ್ಕಿಂತ ಮೇಲಾದ ಪರಿಹಾರ ಭೌತಶಾಸ್ತ್ರದಲ್ಲೇ ಇರಲಿಲ್ಲ.

ಅದು ಬರಲು ಹದಿನೆಂಟು ದಿನ ಬೇಕಾಯಿತು. ಬಂದಾಗ ನೋಡಿದರೆ ಎತ್ತರಿಸದ ಗಾಡಿಯ ಅಳತೆಗೆ ಮಾಡಿದ್ದು. ಅದನ್ನು ಗಾಡಿಗೆ ಕಚ್ಚಿಸುವ ಹಿಡಿಕೆಗಳನ್ನು ಹೊಸದಾಗಿ ಮಾಡಬೇಕೆಂದು ಅರ್ಫಾತ ತಲೆ ಕೆರೆದುಕೊಂಡ. ಅಷ್ಟೂ ದಿನ ಔರಾದದ ಫೋನು ಬರುತ್ತಿತ್ತು. ಮೊದಮೊದಲು ದೊಡ್ಡವ್ವನೇ ಮಾತಾಡುತ್ತಿದ್ದಳು: "ಗುಡಿಗಿ ಪಾವಟಿಗಿ ನೋಡೀನಿ, ಬಾವಿಗಿ ನೋಡೀನಿ. ಗಾಡೀದು ನೋಡ್ಲಿಕ್ಕಾದ್ರೂ ಜೀವ ಹಿಡಕೊಂಡು ಕೂಡ್ತೇನಿ ಅಂತ ಹೇಳು ಅವಗ." ಆಮೇಲೆ ಫೋನು ಹಿಡಿಯುತ್ತಿದ್ದವಳು ಆಕೆಯ ಪಕ್ಕದ ಮನೆಯ ಈಶ್ವರಿ. ದೊಡ್ಡವ್ವನ ಉಸಿರಾಟ ಮಾತ್ರ ಈ ಕಡೆಗೆ ಕೇಳಿಸುತ್ತಿತ್ತು. ರುಕ್ಮಿಣಿಬಾಯಿ ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನೇ ಕೇಳುತ್ತ ಕೂಡುತ್ತಿದ್ದಳು. ಸತೀಶಕುಮಾರ ಪಡಸಾಲೆ ದಾಟಿ ಹೊರಗೆ ಹೋಗಿಬಿಡುತ್ತಿದ್ದ.

ಹೊಸ ಹಿಡಿಕೆ ತಯಾರಾದ ಬುಧವಾರ ಗಾಡಿ ಭಾಲ್ಕಿಯ ಗ್ಯಾರೇಜಿನಲ್ಲಿ ಜ್ಯಾಕಿನ ಮೇಲೆ ನಿಂತಿತ್ತು. ಮಧ್ಯಾಹ್ನ ಎರಡಕ್ಕೆ ಶಿವಕಾಂತಾಳ ಫೋನು.

"ಈಶ್ವರಿ ಫೋನ್ ಮಾಡಿದ್ಳು. ಲಗೂ ಬರ್ರಿ ಅಂದ್ಳು."

"ಒಂದ ತಾಸು ತಡೀರಿ. ಕಡೀ ಬೋಲ್ಟ್ ನಡದದ. ನೆಟ್ಟಗ ಮನಿಗಿ ಬರ್ತೇನಿ."

"ಅತ್ತಿ ತಡೀತಾರ್ರಿ. ದೊಡ್ಡತ್ತಿ ತಡೀಬೇಕಲ್ಲ."

ಕಡೆಯ ಬೋಲ್ಟಿನ ನಂತರ ಇನ್ನೊಂದು ಕಡೆಯ ಬೋಲ್ಟು ಇತ್ತು. ಅದರ ನಂತರ ವೈರು. ಮೂರೂವರೆಗೆ ಸತೀಶಕುಮಾರ ಫೋನು ಮಾಡಿದರೆ ಆಚೆಯಿಂದ ಎಂಜಿನ್ನಿನ ಗುಡುಗು.

"ನಾವು ಬಸ್ಸಿನ್ಯಾಗ ಇದ್ದೇವಿ. ಸಂತಪುರ ದಾಟೀವಿ."

"ಅವ್ವ ಹ್ಯಾಂಗ ಹತ್ತಿದಳು?"

"ಬೆನ್ನು ಮಾಡಿ ಪಾವಟಿಗಿ ಮ್ಯಾಲ ಕುಂತ್ರು. ಲೇಡಿ ಕಂಡಕ್ಟರ್ ಮ್ಯಾಲಿಂದ ಕಂಕಳಾಗ ಕೈ ಕೊಟ್ಳು, ನಾ ಕಾಲ ಹಿಡಿದೆ. ಕುಂತಲ್ಲೇ ಒಂದೊಂದು ಪಾವಟಿಗಿ ಸರಕೊಂಡು ಹತ್ತಿದ್ರು."

"ಮಂದಿ ನಗಲಿಲ್ಲೇನು?"

"ನಕ್ರು. ಅತ್ತಿನೂ ನಕ್ರು. ಎರಡು ಮಿನಿಟಿನ ಕೆಲಸ ಅದು."

ಭಾಲ್ಕಿಯಿಂದ ಔರಾದದ ದಾರಿಯುದ್ದಕ್ಕೂ ಆ ಎರಡು ನಿಮಿಷ ಅವನ ಪಕ್ಕದಲ್ಲೇ ಕೂತು ಬಂದವು. ಡಾಂಬರು ನುಣ್ಣಗಿತ್ತು. ಒಂದು ಕಲ್ಲೂ ಅಡ್ಡ ಬರಲಿಲ್ಲ.

ಹೊತ್ತು ಮುಳುಗುವಾಗ ದೊಡ್ಡವ್ವನ ಓಣಿ ಸೇರಿದ. ಮನೆಯ ಮುಂದೆ ಜನ ಕೂತಿದ್ದರು. ಗಂಡಸರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವನು ಬಾಗಿಲು ತೆರೆದ. ಗುಂಯ್ ಎಂದು ಪಾವಟಿಗೆ ಇಳಿಯಿತು, ಕೆಳಗೆ ನೀಲಿ ದೀಪ ಹತ್ತಿತು. ಎಲ್ಲರೂ ಅತ್ತ ನೋಡಿದರು. ಅವಸರದಲ್ಲಿ ಬಾಗಿಲು ಹಾಕಿದ, ಸರಿಯಾಗಿ ಕೂಡಲಿಲ್ಲ. ಪಾವಟಿಗೆ ಒಳಗೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು, ದೀಪವೂ ಅದರ ಸಂಗಡ ಹತ್ತಿ ಆರಿ ಹತ್ತಿತು. ಮದುವೆಯ ಮೆರವಣಿಗೆಯ ಗಾಡಿಯಂತೆ ಅದು ಸಾವಿನ ಮನೆಯ ಮುಂದೆ ಕುಣಿಯುತ್ತಿತ್ತು. ಅವನು ಎರಡೂ ಕೈಗಳಿಂದ ಬಾಗಿಲನ್ನು ಅದುಮಿ ಹಿಡಿದು ನಿಂತ. ಕಡೆಗೆ ಮುದುಕರೊಬ್ಬರು ಎದ್ದು ಬಂದು, "ಬಿಡಪ್ಪ, ನಾ ಹಿಡೀತೇನಿ. ನೀ ಒಳಗ ಹೋಗು" ಎಂದರು.

ದೊಡ್ಡವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ರುಕ್ಮಿಣಿಬಾಯಿ ಅಕ್ಕನ ಪಾದ ಹಿಡಿದು ಕೂತಿದ್ದಳು. ಊದಿದ ಮೊಳಕಾಲುಗಳ ಮೇಲೆ ಅದು ಹೇಗೆ ನೆಲಕ್ಕೆ ಕೂತಳೋ. ಶಿವಕಾಂತಾ ಆಗಲೇ ಸೆರಗು ಬಿಗಿದು, ಬಂದವರಿಗೆ ಚಹಾದ ನೀರಿಟ್ಟಿದ್ದಳು.

"ಇವರಿಬ್ಬರೂ ಬರೋಕಿಂತ ಅರ್ಧ ತಾಸು ಮೊದ್ಲು ಹೋದ್ರು" ಎಂದಳು ಈಶ್ವರಿ. "ಮುಂಜಾನಿ ಎಚ್ಚರ ಇತ್ರಿ ಅಣ್ಣಾರ. ನಿಮಗೊಂದು ಮಾತು ಹೇಳ್ಯಾರ. ಹೇಳ್ಲೋ ಬ್ಯಾಡೋ ತಿಳೀವಲ್ದು."

"ಹೇಳವ್ವ."

"'ಮ್ಯಾಲ ಹೋಗ್ಲಿಕ್ಕ ನನಗ ಪಾವಟಿಗಿ ಬೇಕಾಗಿಲ್ಲಂತ ಸತೀಶಗ ಹೇಳು. ಅವ ಚಿಂತಿ ಮಾಡೋದು ಬ್ಯಾಡ' ಅಂದ್ರು."

ಸತೀಶಕುಮಾರನ ತುಟಿ ಮೊದಲು ನಗುವಿಗೇ ತೆರೆಯಿತು. ಆಕೆಯ ಮಾತಿಗೆ ಚಿಕ್ಕಂದಿನಿಂದ ಹಾಗೇ ರೂಢಿ. ಆ ನಗು ಅರ್ಧದಲ್ಲೇ ಬೇರೆ ಏನೋ ಆಯಿತು. ಅವನು ಗೋಡೆ ಹಿಡಿದು ಕೂತ.

ಮರುದಿನ ಮಣ್ಣಾಯಿತು. ಮಧ್ಯಾಹ್ನ ಹೊರಟಾಗ ಓಣಿಯ ಹೆಂಗಸರು ರುಕ್ಮಿಣಿಬಾಯಿಯನ್ನು ಗಾಡಿಯತನಕ ನಡೆಸಿಕೊಂಡು ಬಂದರು. ಶಿವಕಾಂತಾ ಹಿಂದೆ ಉಳಿಯುವವಳಿದ್ದಳು. ಬಳಗ ಬರುವುದಿತ್ತು, ಅಡುಗೆ ಆಗಬೇಕಿತ್ತು. ಅವಳು ರೂಢಿಯಂತೆ ಅತ್ತೆಗೆ ಹೆಗಲು ಕೊಡಲು ಮುಂದೆ ಬಂದಳು. ಸತೀಶಕುಮಾರ ಬಾಗಿಲು ತೆರೆದ. ಪಾವಟಿಗೆ ಇಳಿದು, ಒಂಬತ್ತೊಂಬತ್ತು ಇಂಚಿಗೆ ಸರಿಯಾಗಿ ನಿಂತಿತು.

ರುಕ್ಮಿಣಿಬಾಯಿ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಒಳಗೆ ಕೂತಳು. ಯಾರ ಕೈಯೂ ಬೇಕಾಗಲಿಲ್ಲ. ಶಿವಕಾಂತಾಳ ಎತ್ತಿದ ಕೈ ಹಾಗೇ ನಿಂತಿತು.

ಅವನು ಬಾಗಿಲು ಹಿಡಿದು ತಾಯಿಯ ಮುಖ ನೋಡಿದ.

"ಛಲೋ ಆಗ್ಯಾದಪ್ಪ" ಎಂದಳು ರುಕ್ಮಿಣಿಬಾಯಿ. ಆಮೇಲೆ ಮಡಿಲಿನ ಸೆರಗು ಸರಿಮಾಡಿಕೊಂಡು, ಬೈಗುಳದ ಸುಳಿವೂ ಇಲ್ಲದ ದನಿಯಲ್ಲಿ ಹೇಳಿದಳು, "ಮನಿ ಮುಟ್ಟಿದ ಮ್ಯಾಲ ಬಿಚ್ಚಿಸಿಬಿಡು. ನನಗ ಹೋಗೋ ಊರು ಇದೊಂದೇ ಇತ್ತು."