ಅಪ್ಪನಿಲ್ಲದ ವಂಶವೃಕ್ಷ

ನನ್ನ ಅಕ್ಕನ ಮಗಳನ್ನು ವಿದೇಶದ ಶಾಲೆಗೆ ಕಳುಹಿಸಿದ್ದು ಅವಳ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ, ಸೋದರಮಾವನಾದ ನಾನಂತೂ ಅಲ್ಲವೇ ಅಲ್ಲ. ಅವಳನ್ನು ಕಳುಹಿಸಿದ್ದು ‘ಬೇಡ’ ಎಂಬ ಶಬ್ದ. ಮನೆಮಂದಿಯೆಲ್ಲ ಸೇರಿ ಬೇಡ ಎಂದೆವು, ಅವಳು ಹೊರಟಳು. ‘ಹೋಗಿ ಬಾ ಮಗಾ’ ಎಂದಿದ್ದರೆ ಇವತ್ತಿಗೂ ವಾಮಂಜೂರಿನ ನಮ್ಮ ಮನೆಯ ಜಗಲಿಯಲ್ಲಿ ಕಾಲು ನೀಡಿ ಕೂತಿರುತ್ತಿದ್ದಳು. ಈ ಗುಟ್ಟು ನಮಗೆ ಹೊಳೆಯುವಷ್ಟರಲ್ಲಿ ವಿಮಾನ ಬಜ್ಪೆಯಿಂದ ಹಾರಿ ಆಗಿತ್ತು!

ಹುಟ್ಟಿನಿಂದಲೂ ಅವಳು ಹಾಗೆಯೇ. ಅಂಗನವಾಡಿಯಲ್ಲಿ ಟೀಚರು ಆನೆಗೆ ಕಪ್ಪು ಬಣ್ಣ ಹಚ್ಚಲು ಹೇಳಿದರೆ ಇವಳು ಹಸಿರು ಹಚ್ಚಿ ಕೊಟ್ಟಳು. ಯಾಕೆಂದು ಕೇಳಿದರೆ, “ಟೀಚರ್, ನೀವು ಆನೆಯನ್ನು ಕೇಳಿದ್ದೀರಾ?” ಅಂದಳಂತೆ. ಆ ಟೀಚರು ಈಗಲೂ ನನ್ನನ್ನು ಪೇಟೆಯಲ್ಲಿ ಕಂಡರೆ ಮೊದಲು ಕೇಳುವುದು ಆ ಆನೆಯ ವಿಚಾರವನ್ನೇ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳಿಗೆ ನಮ್ಮ ಮಂಗಳೂರಿನಲ್ಲಿ ಇರುವುದು ಒಂದೇ ದಾರಿ. ಪಿಯುಸಿ ಸೈನ್ಸ್, ಜೊತೆಗೆ ಕೋಚಿಂಗು, ಆಮೇಲೆ ಡಾಕ್ಟರೋ ಎಂಜಿನಿಯರೋ ದೇವರು ಕೊಟ್ಟದ್ದು. ನಾನು ಕಾಲೇಜು ನೋಡಿ ಬಂದೆ. ಅಕ್ಕ ಹೊಸ ಟಿಫಿನ್ ಬಾಕ್ಸ್ ತಂದಳು. ಇವಳು ಮಾತ್ರ ಯಾರಿಗೂ ಹೇಳದೆ, ಉತ್ತರದ ಯಾವುದೋ ಚಳಿದೇಶದ ಬೆಟ್ಟದ ಮೇಲಿರುವ ಅಂತಾರಾಷ್ಟ್ರೀಯ ವಸತಿ ಶಾಲೆಯೊಂದಕ್ಕೆ ಅರ್ಜಿ ಹಾಕಿ ಕೂತಿದ್ದಳು. ದೇಶದೇಶದ ಮಕ್ಕಳನ್ನು ಆರಿಸಿ, ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಎರಡು ವರ್ಷ ಓದಿಸುವ ಶಾಲೆ. ಆರಿಸುವ ಮೊದಲು ವಿಡಿಯೊದಲ್ಲಿ ಸಂದರ್ಶನ ಇತ್ತು. ಇಂಟರ್‌ನೆಟ್ ಚೆನ್ನಾಗಿ ಸಿಗುವುದು ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ. ಹಾಗಾಗಿ ಪಿವಿಸಿ ಪೈಪುಗಳ ನಡುವೆ ಸ್ಟೂಲು ಹಾಕಿ ಕೂತಳು. ನಾನು ಪೇಂಟ್ ಡಬ್ಬಿಗಳ ಹಿಂದೆ ನಿಂತು ಕಿವಿ ಕೊಟ್ಟೆ.

ಆಚೆಯಿಂದ ಒಬ್ಬರು ಇಂಗ್ಲಿಷಿನಲ್ಲಿ ಬಹಳ ನಯವಾಗಿ ಕೇಳಿದರು, “ನಮ್ಮ ಶಾಲೆಗೇ ಬರಬೇಕೆಂದು ನಿನಗೆ ಯಾಕೆ ಅನ್ನಿಸಿತು?”

“ಬರಬೇಕೆಂದು ಇನ್ನೂ ಪೂರ್ತಿ ಅನ್ನಿಸಿಲ್ಲ. ನಾನು ಯಾಕೆ ಬರಬೇಕು ಅಂತ ನೀವು ಮೊದಲು ಹೇಳಿ” ಅಂದಳು ಈ ಪುಣ್ಯಾತ್ಗಿತ್ತಿ.

ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ನಮ್ಮೂರಿನ ಕಾಲೇಜುಗಳಲ್ಲಿ ಹೀಗೆ ಹೇಳಿದ್ದರೆ ವಾಚ್‌ಮನ್ ಗೇಟಿನವರೆಗೆ ಬಿಟ್ಟು ಬರುತ್ತಿದ್ದ. ಆದರೆ ಅವರು ಅವಳನ್ನೇ ಆರಿಸಿದರು! ಅಂಥ ಶಾಲೆಯವರ ಬುದ್ಧಿಗೆ ಏನೆನ್ನಬೇಕು ಹೇಳಿ?

ಭಾವನಿಗೆ, ಅಂದರೆ ಅವಳ ಅಪ್ಪನಿಗೆ, ಫೋನು ಮಾಡಿದೆ. ಅವರು ಮಸ್ಕತ್ತಿನಲ್ಲಿ ಒಂದು ಸೂಪರ್ ಮಾರ್ಕೆಟ್ಟಿನ ಗೋದಾಮು ನೋಡಿಕೊಳ್ಳುವವರು. ಮಾತು ಬಹಳ ಕಡಿಮೆ, ಎದುರು ಮಾತಂತೂ ಇಲ್ಲವೇ ಇಲ್ಲ. “ನಾನು ಬೇಡ ಅಂತಲೇ ಹೇಳಿದ್ದು. ಅವಳು ಕೇಳುದಿಲ್ಲ. ಇನ್ನು ಮಾಮ ನೀನು ಉಂಟಲ್ಲ, ನೋಡಿಕೋ ಮಾರಾಯ” ಎಂದು ಫೋನಿಟ್ಟರು. ಹೀಗೆ ನಾನು ಅವಳ ಪೋಷಕನಾದೆ. ಶಾಲೆಯವರು ಏನಿದ್ದರೂ ನನಗೇ ಫೋನು ಮಾಡುವಂತಾಯಿತು. ಗಿರಾಕಿ ಪೈಪಿನ ತಿರುವಿಗೆ ಹಾಕುವ ಅರ್ಧ ಇಂಚಿನ ಎಲ್ಬೋ ಕೇಳುತ್ತಿರುವಾಗ ಚಳಿದೇಶದಿಂದ ವಿಡಿಯೊ ಕರೆ ಬಂದರೆ ಮನುಷ್ಯ ಯಾವ ಕಡೆ ಮುಖ ಮಾಡಬೇಕು?

ಮೊದಲ ಕರೆ ಬಂದದ್ದು ಒಣ ಸಿಗಡಿಯ ದೆಸೆಯಿಂದ. ನಮ್ಮ ಅಮ್ಮ ಮೊಮ್ಮಗಳ ಪೆಟ್ಟಿಗೆಯಲ್ಲಿ ಸ್ವೆಟರಿನೊಳಗೆ ಸುತ್ತಿ ಕಳುಹಿಸಿದ್ದ ಒಣ ಸಿಗಡಿಯನ್ನು ಇವಳು ಒಂದು ಭಾನುವಾರ ಹಾಸ್ಟೆಲಿನ ಅಡಿಗೆಮನೆಯಲ್ಲಿ ಚಟ್ನಿಗೆಂದು ಹುರಿದಳು. ಬೆಂಕಿಯ ಸೈರನ್ ಬಾಯಿ ಬಿಟ್ಟಿತು. ನಾಲ್ಕು ಮಹಡಿಯ ಮಕ್ಕಳೆಲ್ಲ ರಾತ್ರಿಯುಡುಪಿನಲ್ಲೇ ಹಿಮದಲ್ಲಿ ಸಾಲಾಗಿ ನಿಂತರು. ಫೈರ್ ಎಂಜಿನ್ ಬಂತು. ಬಂದವರ ಹತ್ತಿರ ಇವಳು ವಾದಕ್ಕೆ ನಿಂತಳು. ಬೆಂಕಿ ಇಲ್ಲದ ಕಡೆ ಸೈರನ್ ಹೊಡೆದದ್ದು ಸೈರನ್ನಿನ ತಪ್ಪಂತೆ, ಅದನ್ನು ಮೊದಲು ರಿಪೇರಿ ಮಾಡಬೇಕಂತೆ. ನಾನು ಫೋನಿನಲ್ಲಿ ಬೈದದ್ದಕ್ಕೆ, “ಮಾಮ, ಹೊಗೆ ಎಂತ ಇರ್ಲಿಲ್ಲ. ಸ್ವಲ್ಪ ಪರಿಮಳ ಇತ್ತು, ಅಷ್ಟೇ” ಅಂದಳು. ಶಿಕ್ಷೆಯಾಗಿ ಒಂದು ವಾರ ಪಾತ್ರೆ ತೊಳೆಯಲು ಹಾಕಿದರು. ತೊಳೆದಳು. ಮುಂದಿನ ಭಾನುವಾರ ಕಿಟಕಿ ತೆರೆದಿಟ್ಟು ಮತ್ತೆ ಹುರಿದಳು. ಆ ಸಲ ತಟ್ಟೆ ಹಿಡಿದು ನಿಂತವರಲ್ಲಿ ವಾರ್ಡನ್ ಕೂಡ ಇದ್ದರಂತೆ.

ಆಮೇಲೆ ಪ್ರತಿ ದೇಶದ ಮಕ್ಕಳು ತಮ್ಮ ನಾಡಿನ ಪರಿಚಯ ಮಾಡಿಕೊಡುವ ದಿನ ಬಂತು. ಇವಳು ಸೀರೆಯುಟ್ಟು ಹಿಂದಿ ಸಿನಿಮಾ ಹಾಡಿಗೆ ಕುಣಿಯುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಯಾರೋ ಹಾಗೆ ಕಾಯುತ್ತಿದ್ದಾರೆಂದು ಗೊತ್ತಾದದ್ದೇ ಸಾಕಲ್ಲ! ಪ್ಯಾಂಟು ಮಡಚಿಕೊಂಡು ಹಿಮದ ಮೈದಾನಕ್ಕಿಳಿದು ಲಗೋರಿ ಆಡಿಸಿದಳು. ಆ ಹಿಮದಲ್ಲಿ ಚಪ್ಪಟೆ ಕಲ್ಲು ಎಲ್ಲಿ ಸಿಕ್ಕಿತು ಅಂತ ನಾನು ಕೇಳಿದೆ. ಪ್ರಿನ್ಸಿಪಾಲರ ಹೂದೋಟದ ಅಂಚಿಗೆ ಚೆಂದಕ್ಕೆ ಜೋಡಿಸಿಟ್ಟಿದ್ದರಂತೆ.

ಇಷ್ಟಕ್ಕೆ ಮುಗಿದಿದ್ದರೆ ನಾವೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಎಡವಟ್ಟಾದದ್ದು ವಂಶವೃಕ್ಷದಲ್ಲಿ.

ತರಗತಿಯಲ್ಲಿ ಎಲ್ಲ ಮಕ್ಕಳೂ ತಮ್ಮ ಕುಟುಂಬದ ಮರವನ್ನು ಬರೆದು ಗೋಡೆಗೆ ಅಂಟಿಸಬೇಕಿತ್ತು. ನಮ್ಮದು ಅಳಿಯಕಟ್ಟಿನ ಮನೆ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅಪ್ಪ ಸಾಕುತ್ತಾನೆ, ಮುದ್ದು ಮಾಡುತ್ತಾನೆ, ಎಲ್ಲವೂ ಸರಿ. ಆದರೆ ಕುಟುಂಬ ಅಂತ ಬಂದಾಗ ಅವನು ಅವನ ತಾಯಿಮನೆಯವನು, ಮಕ್ಕಳು ಅವರ ತಾಯಿಮನೆಯವರು. ಇವಳು ನಮ್ಮ ಕ್ರಮದ ಪ್ರಕಾರವೇ ಬರೆದಳು. ಮೇಲೆ ಮುತ್ತಜ್ಜಿ, ಕೆಳಗೆ ಅಜ್ಜಿ, ದೊಡ್ಡಮ್ಮಂದಿರು, ಅಮ್ಮ, ಒಂದು ಕೊಂಬೆಯಲ್ಲಿ ಮೀಸೆ ಸಮೇತ ನಾನು. ಅಪ್ಪನಿಲ್ಲ. ಅಜ್ಜನೂ ಇಲ್ಲ. ಮರದಲ್ಲಿದ್ದ ಗಂಡಸು ನಾನೊಬ್ಬನೇ. ಹೆಮ್ಮೆಯ ವಿಷಯವೇ, ಆದರೆ ನೋಡಿದವರು ಏನೆಂದುಕೊಳ್ಳಬೇಕು?

ವಾರ್ಡನ್ ಅವಳನ್ನು ಕೋಣೆಗೆ ಕರೆದು ಕೈ ಹಿಡಿದುಕೊಂಡು, ನಿನ್ನ ಜೊತೆ ನಾವಿದ್ದೇವೆ ಎಂದರಂತೆ. ಬಿಸಿ ಚಾಕೊಲೇಟ್ ಕುಡಿಸಿದರಂತೆ. “ನೀನು ವಿಷಯ ಹೇಳುದಲ್ವಾ?” ಅಂದರೆ, “ಅವರು ಕೇಳ್ಲಿಲ್ಲ ಮಾಮ. ಚಾಕೊಲೇಟ್ ಒಳ್ಳೆದಿತ್ತು” ಅಂದಳು.

ಮರುದಿನ ವಾರ್ಡನ್ ನನಗೆ ವಿಡಿಯೊ ಕರೆ ಮಾಡಿದರು. ನೀವು ಅವಳ ತಂದೆಯೇ ಅಂದರು. “ನೋ ಮೇಡಂ, ಮದರ್ಸ್ ಬ್ರದರ್” ಅಂದೆ. ಅವರ ಸ್ವರ ಇಳಿಯಿತು. ಹಾಗಾದರೆ ತಂದೆ...? ನಾನು ಸಿಮೆಂಟು ಚೀಲಗಳ ಮೇಲೆ ಫೋನು ಒರಗಿಸಿಟ್ಟು, “ಹೀ ಈಸ್ ದೇರ್” ಎಂದು ಸಮುದ್ರದಾಚೆಯ ಮಸ್ಕತ್ತಿನ ಕಡೆ ಕೈ ತೋರಿಸಿದೆ. ಫೋನು ಒರಗಿದ್ದ ಚೆಂದಕ್ಕೆ ಅವರಿಗೆ ಕಂಡದ್ದು ನೇರವಾಗಿ ಆಕಾಶ ತೋರಿಸುವ ನನ್ನ ಬೆರಳು! ಅವರು ಬಾಯಿಗೆ ಕೈ ಅಡ್ಡ ಹಿಡಿದು, “ಐ ಆಮ್ ಸೋ ಸಾರಿ” ಎಂದರು. ಇದಕ್ಕೆಲ್ಲ ಯಾಕೆ ಸಾರಿ, ಗಲ್ಫಿನಲ್ಲಿ ನಮ್ಮೂರಿನವರು ಎಷ್ಟು ಜನ ಇಲ್ಲ ಅಂದುಕೊಂಡು ನಾನೂ ತಲೆಯಾಡಿಸಿದೆ.

ಸಂತಾಪ ಹೇಳಲು ಅಕ್ಕನಿಗೆ ಫೋನು ಬಂದಾಗಲೇ ವಿಷಯ ಬಯಲಾದದ್ದು. ಅಕ್ಕ ಗಾಬರಿಯಾಗಿ ಮಸ್ಕತ್ತಿನ ನಂಬರು ಕೊಟ್ಟಳು. ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂದು ಶಾಲೆಯವರು ಅವರನ್ನೇ ಕೇಳಿದರು. “ನಾನು ಸತ್ತದ್ದು ನನಗೇ ಗೊತ್ತಿರ್ಲಿಲ್ಲ ಮಾರಾಯ” ಎಂದು ಭಾವ ನನಗೆ ಫೋನು ಮಾಡಿ ನಕ್ಕರು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ಮುಗಿದ ಮೇಲೆ ಅವರು, “ಒಂದು ಗೆರೆ ಎಳೀಬಹುದಿತ್ತು, ಅಲ್ವಾ? ಪೆನ್ಸಿಲಿನಲ್ಲಾದ್ರೂ” ಎಂದರು. “ಒಂದು ವರ್ಷ ಸಾಕು. ರಜೆಗೆ ಬಂದವಳು ಇಲ್ಲೇ ಕಾಲೇಜಿಗೆ ಸೇರ್ಲಿ” ಎಂದವರೇ ಫೋನಿಟ್ಟರು.

ಎರಡನೆಯ ವರ್ಷ ಓದಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಅಪ್ಪ ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಶಾಲೆಯವರಿಗೆ ಮಾವನ ಮಾತು ಸಾಲದು. ತಂದೆಯೇ ಹೇಳಬೇಕು ಎಂದರು. ನಾನು ಅವಳಿಗೆ, “ಪಪ್ಪನಿಗೆ ‘ಸಾರಿ’ ಅಂತ ಒಂದು ಮಾತು ಹೇಳು, ಎಲ್ಲ ಸರಿಯಾಗ್ತದೆ” ಅಂದೆ.

“ಯಾಕೆ ಹೇಳ್ಬೇಕು? ನಾನು ಸುಳ್ಳು ಬರೆದದ್ದಾ? ನೀವೇ ಕಲಿಸಿದ ಕ್ರಮ ಅಲ್ವಾ ಮಾಮ ಅದು?”

ಆಗಸ್ಟಿನಲ್ಲಿ ಅವಳು ರಜೆಗೆ ಬಂದಳು. ನಾಗರಪಂಚಮಿಗೆಂದು ಭಾವನೂ ಬಂದರು. ಮನೆಯಲ್ಲಿ ಯುದ್ಧ ಶುರುವಾಯಿತು, ಅದೂ ಬಾಯಿ ತೆರೆಯದ ಯುದ್ಧ. ಚಾ ಆಗಿದೆ ಎಂದು ಮಗಳು ಅಮ್ಮನಿಗೆ ಹೇಳುವಳು, ಅಮ್ಮ ಅಪ್ಪನಿಗೆ ಹೇಳುವಳು. ಸಕ್ಕರೆ ಕಡಿಮೆಯೆಂದು ಅಪ್ಪ ಅಮ್ಮನಿಗೆ ಹೇಳುವರು. ಮೂವರೂ ಕೂತದ್ದು ಒಂದೇ ಮೇಜಿನಲ್ಲಿ! ಹಬ್ಬದ ಹಿಂದಿನ ದಿನ ಪತ್ರೊಡೆ ತಿನ್ನುವಾಗ ಭಾವ, “ಕಾಲೇಜಿನಲ್ಲಿ ಮಾತಾಡಿದ್ದೇನೆ. ಸೋಮವಾರ ಸೇರ್ಲಿಕ್ಕೆ ಹೇಳು” ಎಂದು ಅಕ್ಕನಿಗೆ ಹೇಳಿದರು.

ಇವಳು ತಟ್ಟೆ ಸರಿಸಿ ನೇರ ಅಪ್ಪನನ್ನೇ ನೋಡಿದಳು. “ಪಪ್ಪ, ನನ್ನ ಮರದಲ್ಲಿ ನೀವು ಇಲ್ಲ ಅಂತ ನಿಮಗೆ ಬೇಜಾರು. ನಿಮ್ಮ ಮರದಲ್ಲಿ ನಾನು ಎಲ್ಲಿದ್ದೇನೆ? ಪ್ರತಿ ವರ್ಷ ನಿಮ್ಮ ಕುಟುಂಬದ ನಾಗಬನದಲ್ಲಿ ಪ್ರಾರ್ಥನೆಗೆ ಎಲ್ಲರ ಹೆಸರು ಹೇಳುವಾಗ ಅತ್ತೆಯ ಮಕ್ಕಳದ್ದೆಲ್ಲ ಬರ್ತದೆ. ನಾನು ಹೊರಗೆ ಕೊಡೆ ಹಿಡ್ಕೊಂಡು ನಿಲ್ಲುದು. ಸಣ್ಣವಳಿರುವಾಗ ಪ್ರತಿ ಸಲ ಕಾಯ್ತಿದ್ದೆ, ಇವತ್ತು ನನ್ನ ಹೆಸರು ಹೇಳ್ತಾರೆ ಅಂತ. ನಾನು ಯಾರ ಹತ್ತಿರವಾದ್ರೂ ದೂರು ಹೇಳಿದ್ದೇನಾ?”

ಅವಳು ಎಷ್ಟೋ ಸಲ ವಾದಿಸಿದ್ದನ್ನು ನೋಡಿದ್ದೇನೆ. ವಾದಿಸುವಾಗ ಅವಳ ತುಟಿ ನಡುಗಿದ್ದನ್ನು ನೋಡಿದ್ದು ಅವತ್ತೇ. ಭಾವ ಎದ್ದು ಕೈ ತೊಳೆಯಲು ಹೋದವರು ಎಷ್ಟೋ ಹೊತ್ತು ನಳ್ಳಿ ಬಿಟ್ಟುಕೊಂಡೇ ನಿಂತಿದ್ದರು.

ಮರುದಿನ ಭಾವ ನಾಗಬನಕ್ಕೆ ಹೊರಡುವಾಗ ಅವಳೂ ಹೊರಟು ನಿಂತಳು. “ನೀನು ಯಾಕೆ?” ಎಂದು ಅಕ್ಕ ಕೇಳಿದರೆ, “ಕೊಡೆ ಹಿಡಿಲಿಕ್ಕೆ” ಅಂದಳು. ಹಟ ಅಂದರೆ ಅದು! ಗಾಡಿ ಬಿಟ್ಟವನು ನಾನು.

ಭಾವನ ಕುಟುಂಬದ ನಾಗಬನ ಕೂಳೂರು ಸೇತುವೆಯಿಂದ ಆಚೆ. ಮಳೆ ಹೊಯ್ಯುತ್ತಿತ್ತು. ನಾಗನ ಕಲ್ಲಿಗೆ ಹಾಲು, ಸೀಯಾಳದ ನೀರು ಎರೆದು ಆದ ಮೇಲೆ ಕುಟುಂಬದ ಹಿರಿಯರು ಪ್ರಾರ್ಥನೆಗೆ ನಿಂತರು. ಅವರು ಭಾವನ ಸೋದರಮಾವ. ಅವರ ಎದುರು ಭಾವ ಕೂತದ್ದನ್ನು ಕೂಡ ನಾನು ಕಂಡವನಲ್ಲ. ಒಬ್ಬೊಬ್ಬ ಹೆಂಗಸಿನ ಹೆಸರು, ಅವಳ ಮಕ್ಕಳ ಹೆಸರು ಹೇಳುತ್ತಾ ಬಂದರು. ನಾನೂ ಇವಳೂ ನಾಗನ ಕಟ್ಟೆಯ ಹೊರಗೆ ಒಂದೇ ಕೊಡೆಯಡಿ ನಿಂತಿದ್ದೆವು. ಹೆಸರುಗಳು ಮುಗಿದವು. ಇವಳು ನೆಲ ನೋಡುತ್ತಿದ್ದಳು.

“ಮಾಮ, ಒಂದು ಹೆಸರು ಬಾಕಿ ಉಂಟು” ಎಂದು ಭಾವನ ಸ್ವರ ಕೇಳಿತು.

“ಯಾರದ್ದು?”

“ನನ್ನ ಮಗಳದ್ದು.”

“ಅವಳದ್ದು ಅವಳ ತಾಯಿಮನೆಯ ಬನದಲ್ಲಿ ಹೇಳ್ತಾರಲ್ಲ ಮಾರಾಯ. ಇಲ್ಲಿ ಕ್ರಮ ಇಲ್ಲ.”

“ಕ್ರಮ ಇಲ್ಲ ಅಂತ ನನಗೂ ಗೊತ್ತುಂಟು. ನೀವು ಹೇಳುದು ಬೇಡ. ನಾನು ಹೇಳ್ತೇನೆ.”

ಹೇಳಿದವರೇ ಮಳೆಯಲ್ಲಿ ಮುಂದೆ ಹೋಗಿ ಕೈಮುಗಿದು ನಿಂತರು. ಮಗಳ ಹೆಸರು ಹೇಳಿದರು, ನಕ್ಷತ್ರ ಹೇಳಿದರು, ಮಳೆಯ ಸದ್ದಿನ ಮೇಲೆ ಕೇಳುವಂತೆ ದೊಡ್ಡ ಸ್ವರದಲ್ಲಿ “ನನ್ನ ಮಗಳು” ಎಂದರು. ಸೇರಿದವರೆಲ್ಲ ಹಿರಿಯರ ಮುಖ ನೋಡಿದರು. ಹಿರಿಯರು ಅಳಿಯನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅರಶಿನದ ಪ್ರಸಾದ ಕೈಗೆತ್ತಿಕೊಂಡು, “ಕೊಡೆ ಮಡಚಿ ಈಚೆ ಬರ್ಲಿಕ್ಕೆ ಹೇಳು ಅವಳಿಗೆ” ಎಂದರು.

ಎಲ್ಲದಕ್ಕೂ ಉತ್ತರ ಇದ್ದ ಹುಡುಗಿ ಕೊಡೆಯನ್ನು ನನಗೇ ಬಿಟ್ಟು ಮಳೆಯಲ್ಲಿ ತಲೆ ತಗ್ಗಿಸಿ ಹೋದಳು. ನಾನು ಕೊಡೆ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಮಳೆಗೆ ಯಾರಿಗೂ ಗೊತ್ತಾಗಿರಲಾರದು, ಗೊತ್ತಾದರೂ ನನಗೇನು?

ವಾಪಸು ಬರುವಾಗ ಕೂಳೂರು ಸೇತುವೆಯ ಮೇಲೆ ಟ್ರಾಫಿಕ್ ಜಾಮ್. ಭಾವ ಮುಂದಿನ ಸೀಟಿನಲ್ಲಿ ಒದ್ದೆ ಅಂಗಿಯಲ್ಲೇ ಕೂತಿದ್ದರು. ಹಿಂದೆ ತಿರುಗದೆ, “ಶಾಲೆಯವರಿಗೆ ನಾಳೆ ನಾನೇ ಫೋನು ಮಾಡ್ತೇನೆ. ಬರ್ತಾಳೆ ಅಂತ ಹೇಳ್ತೇನೆ” ಎಂದರು.

ಅವಳು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಅಪ್ಪನ ಹೆಗಲಿನ ಮೇಲೆ ಗಲ್ಲ ಇಟ್ಟಳು.

“ಪಪ್ಪ, ಅಲ್ಲಿ ಹೇಳಿದ್ದು ಇನ್ನೊಂದು ಸಲ ಹೇಳಿ.”

ಭಾವ ಹೇಳಿದರು. ಹೆಸರು, ನಕ್ಷತ್ರ, ಮಗಳು, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಮುಂದಿನ ಗಾಡಿಗಳು ಹೋಗಿ ದಾರಿ ತೆರವಾಗಿತ್ತು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಭಾವ ಹೇಳಿ ಮುಗಿಸುವವರೆಗೆ ನಾನು ಗಾಡಿ ತೆಗೆಯಲಿಲ್ಲ.