ಅಪಾಯವಿಲ್ಲದವರ ಗುಂಪು

ಲೈಂಗಿಕ ಕಾರ್ಯಕರ್ತೆಯರಲ್ಲಿ ಎಚ್‌ಐವಿ ಅಪಾಯ ಎಷ್ಟಿದೆಯೆಂದು ಅಂದಾಜಿಸುವ ಸರ್ಕಾರಿ ಕಾರ್ಯವು, ಅಂದಾಜಿಸಲು ಹೊರಟವಳೇ ದಾರಿ ತಪ್ಪಿದ್ದರಿಂದ, ನಿಗದಿತ ವೇಳೆಗೆ ಆರಂಭವಾಗಲಿಲ್ಲ. ಅವರ ಓಣಿ ಎಲ್ಲೆಂದು ಸಮೀಕ್ಷಕಿ ಇಸ್ತ್ರಿ ಅಂಗಡಿಯವನನ್ನು ವಿಚಾರಿಸಿದಳು.

"ಅಂಥ ಓಣಿ ನಾನು ಕೇಳೇ ಇಲ್ಲಮ್ಮ," ಎಂದ ಅವನು, ಅಂಗಿಯಿಂದ ಕಣ್ಣೆತ್ತದೆ. "ಗಡಿಯಾರ ರಿಪೇರಿಯವನ ಪಕ್ಕ ಎಡಕ್ಕೆ ತಿರುಗಿ. ಹಸಿರು ಬಾಗಿಲು. ಎರಡನೇ ಮೆಟ್ಟಿಲು ಅಲುಗಾಡುತ್ತೆ, ಹುಷಾರು."

ಹಸಿರು ಬಾಗಿಲ ಮನೆಯ ಮುಂದಿನ ಕೋಣೆಯೇ ಓಣಿಯ ಕ್ಲಿನಿಕ್ಕು: ಒಂದು ಮೇಜು, ಒಂದು ಪರದೆ, ರಕ್ತ ತೆಗೆಯಲು ಒಬ್ಬ ನರ್ಸು. ಇಲಾಖೆಯ ಜೊತೆ ವರ್ಷಗಟ್ಟಲೆ ಜಗಳವಾಡಿ ಅದನ್ನು ತಂದವಳು ಓಣಿಯ ಹಿರಿಯಳಾದ ದೊಡ್ಡಕ್ಕ. ಕಾಂಡೋಮ್ ಒಲ್ಲೆನೆಂದ ಗಿರಾಕಿಯನ್ನು ಮೆಟ್ಟಿಲಿನಿಂದಲೇ ಇಳಿಸಿ ಕಳಿಸುವುದು ಅವಳ ಕಾನೂನು.

ಎಲ್ಲ ಹೆಂಗಸರನ್ನೂ ಪ್ರಶ್ನಿಸಿ, ಉತ್ತರಗಳನ್ನು ಕೂಡಿ ನೋಡಿದ ಸಮೀಕ್ಷಕಿಯ ಮುಖ ಸಪ್ಪಗಾಯಿತು.

"ಏನಾಯ್ತೇ ತಾಯಿ?" ಎಂದಳು ದೊಡ್ಡಕ್ಕ.

"ಅಕ್ಕಾ, ನಿಮ್ಮ ಅಪಾಯ ಸಾಲದು. ಇಷ್ಟು ಕಮ್ಮಿ ಇದ್ರೆ ಕ್ಲಿನಿಕ್ ಮುಚ್ಚಬೇಕು ಅಂತ ನಿಯಮ."

"ಅಂದ್ರೆ, ಉಳಿಸ್ಕೊಳ್ಳೋಕೆ ನಾವು ಕಾಯಿಲೆ ಹಚ್ಕೋಬೇಕಾ?"

"ಹಾಗಂತ ಬರೆದಿಲ್ಲ."

"ಬರೆಯೋಕೆ ನಾಚಿಕೆ ಆಗಿರುತ್ತೆ. ಕಮ್ಮಿ ಅಂತೀಯಲ್ಲ, ಯಾರಿಗಿಂತ ಕಮ್ಮಿ?"

ಪ್ರಶ್ನೆ ವೈಜ್ಞಾನಿಕವಾಗಿತ್ತು. ಹಾಗಾಗಿ ಇಲಾಖೆಗೆ ಈವರೆಗೆ ಹೊಳೆದಿರಲಿಲ್ಲ. ಸಮೀಕ್ಷಕಿ ಅದನ್ನು ಮೇಲಕ್ಕೆ ಮುಟ್ಟಿಸಿದಳು. ನಿರ್ದೇಶಕರು ಆದೇಶ ಹೊರಡಿಸಿದರು: "ಹೋಲಿಕೆಗಾಗಿ, ಯಾವುದೇ ಅಪಾಯವಿಲ್ಲದ ಗೌರವಾನ್ವಿತರ ಗುಂಪೊಂದನ್ನು ಆಯ್ದುಕೊಳ್ಳತಕ್ಕದ್ದು. ಪ್ರಯಾಣ ಭತ್ಯೆ ಉಳಿಸುವ ಸಲುವಾಗಿ, ಸದರಿ ಗೌರವಾನ್ವಿತರು ಈ ಕಚೇರಿಯಲ್ಲೇ ಲಭ್ಯರಿರುವರೆಂದು ಭಾವಿಸತಕ್ಕದ್ದು."

ಪ್ರಶ್ನಾವಳಿಯಲ್ಲಿ ಹೆಸರು ಬರೆಯಬೇಕಿರಲಿಲ್ಲವಾದ್ದರಿಂದ ಅಧಿಕಾರಿಗಳು ತಮ್ಮ ಸೇವಾವಧಿಯಲ್ಲಿ ಮೊದಲ ಬಾರಿಗೆ ಸತ್ಯ ಬರೆದರು. ಅಧ್ಯಯನ ಪ್ರವಾಸಗಳ ಸತ್ಯ, ತರಬೇತಿ ಶಿಬಿರಗಳ ಸತ್ಯ. ಕಾಂಡೋಮ್ ಕುರಿತ ಪ್ರಶ್ನೆಗೆ "ಗಡಿಬಿಡಿಯಲ್ಲಿ ಆಗಲಿಲ್ಲ" ಎಂಬುದು ಬಹುಮತದ ಉತ್ತರ. ಓಣಿಯ ಅಪಾಯ ಕಚೇರಿಯ ಅಪಾಯದ ಕಾಲ ಬಳಿಯೂ ನಿಲ್ಲಲಿಲ್ಲ.

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ಎರಡೂ ಪಟ್ಟಿಗಳ ಶೀರ್ಷಿಕೆಗಳು ಅದಲುಬದಲಾಗಿವೆಯಲ್ಲಮ್ಮ."

"ಇಲ್ಲ ಸರ್."

"ಆಗಿಲ್ಲದಿದ್ರೆ ಮಾಡಿ."

ಮಾಡಲಾಯಿತು. ಓಣಿಯ ಅಪಾಯ ವಿಪರೀತವೆಂದು ಸಾಬೀತಾಗಿ ಕ್ಲಿನಿಕ್ಕು ಉಳಿಯಿತು. ಎರಡನೇ ಮೇಜೂ ಮಂಜೂರಾಯಿತು. ಕಚೇರಿಗೆ ಸಚ್ಚಾರಿತ್ರ್ಯದ ಪ್ರಶಸ್ತಿ ಫಲಕ ಬಂತು.

ಆದರೆ ನಿಜವಾದ ಲೆಕ್ಕ ಗೊತ್ತಿದ್ದವರಿಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು. ಬೇರೆಡೆ ಪರೀಕ್ಷೆಗೆ ಹೋದರೆ ಮಾನದ ಪ್ರಶ್ನೆ. ಓಣಿಯ ಕ್ಲಿನಿಕ್ಕಿನಲ್ಲಿ ಓಣಿಯ ಹೆಂಗಸರಿಗೆ ಮಾತ್ರ ಪ್ರವೇಶ. ಹೊಸ ಸುತ್ತೋಲೆ ಈ ತೊಡಕನ್ನು ನಿವಾರಿಸಿತು: "ರಕ್ತ ಪರೀಕ್ಷೆಯ ಅವಧಿಗೆ ಸೀಮಿತವಾಗಿ, ಅಧಿಕಾರಿಗಳನ್ನು ಸದರಿ ಓಣಿಯ ಮಹಿಳೆಯರೆಂದು ಪರಿಗಣಿಸತಕ್ಕದ್ದು."

ಸೋಮವಾರ ಸಾಲು ಬೀದಿಯವರೆಗೂ ಬೆಳೆದಿತ್ತು. ಸಮೀಕ್ಷಕಿ ಚೀಟಿ ಹಂಚುತ್ತಿದ್ದಳು. ಓಣಿಯ ಹೆಂಗಸರು ಬೆಂಚಿನಲ್ಲಿ ಜರುಗಿ ಅಧಿಕಾರಿಗಳಿಗೂ ಜಾಗ ಮಾಡಿಕೊಟ್ಟರು. ಯಾರೂ ನಗಲಿಲ್ಲ; ಸುತ್ತೋಲೆಯಲ್ಲಿ ನಗುವಿಗೆ ಅವಕಾಶವಿರಲಿಲ್ಲ.

ದೊಡ್ಡಕ್ಕ ಪರದೆ ಸರಿಸಿ ಕೂಗಿದಳು: "ಮುಂದಿನವಳು ಬಾರಮ್ಮ!"

ನಿರ್ದೇಶಕರು ಅಂಗಿಯ ತೋಳು ಮಡಚಿಕೊಂಡು ಎದ್ದು ಒಳಗೆ ನಡೆದರು.